ಟೈಪಿಂಗ್ ಟೀಚರ್ ಪ್ರೋಗ್ರಾಮಿಂಗ್ ಕಲಿಸಿದ್ದು

ಪಾಯಕುಂಬುಹ್ ಪೇಟೆಯ ವೃತ್ತಿಶಿಕ್ಷಣ ಶಾಲೆಯಲ್ಲಿ ಯುಸ್ನಿದಾರ್ ಇಪ್ಪತ್ತಾರು ವರ್ಷ ಟೈಪಿಂಗ್ ಕಲಿಸಿದಳು. ಹೊರಗಿನ ಜಗಲಿಯಲ್ಲಿ ನಡೆದುಹೋಗುತ್ತಿರುವಾಗಲೇ, ಒಳಗೆ ಯಾವ ಹುಡುಗಿಯ ಕಿರುಬೆರಳು ಸೋಲುತ್ತಿದೆ ಎಂದು ಶಬ್ದದಿಂದಲೇ ಹೇಳಬಲ್ಲವಳು ಎಂಬ ಹೆಸರು ಆಕೆಗಿತ್ತು. ಆಕೆಯ ಕೈಕೆಳಗೆ ಕಲಿತವರು ಜಿಲ್ಲಾ ಕಚೇರಿಯಲ್ಲಿದ್ದರು, ಬ್ಯಾಂಕಿನಲ್ಲಿದ್ದರು, ಒಬ್ಬಳಂತೂ ನ್ಯಾಯಾಲಯದಲ್ಲಿ ಕೂತು ತೀರ್ಪುಗಳನ್ನೇ ಟೈಪು ಮಾಡುತ್ತಿದ್ದಳು. ಹಾಗಿರುವಾಗ ಒಂದು ಜುಲೈ ತಿಂಗಳಲ್ಲಿ ಲಾರಿ ಬಂತು. ನಲವತ್ತು ಟೈಪ್‌ರೈಟರುಗಳನ್ನು ಗುಜರಿ ಸಾಮಾನಿನಂತೆ ಒಂದರ ಮೇಲೊಂದು ಪೇರಿಸಿಕೊಂಡು ಹೋಯಿತು. ಹೊಸ ಪಠ್ಯಕ್ರಮದಲ್ಲಿ ಟೈಪಿಂಗ್ ಇರಲಿಲ್ಲ.

ಮಾರನೆಯ ದಿನ ಪ್ರಾಂಶುಪಾಲ ಜುಲ್ಹೆಂದ್ರಿ ಆಕೆಯನ್ನು ಕರೆಸಿದರು. ಹೆಂಗಸರನ್ನು ಬು, ಗಂಡಸರನ್ನು ಪಾಕ್ ಎಂದು ಮರ್ಯಾದೆಯಿಂದ ಕರೆಯುವುದು ಆ ಕಡೆಯ ರೂಢಿ.

"ಬು ಯುಸ್, ಕೂತ್ಕೊಳ್ಳಿ. ನಿಮ್ಗೆ ಇನ್ನೆಷ್ಟು ವರ್ಷ ಇದೆ ನಿವೃತ್ತಿಗೆ?"

"ಎಂಟು, ಪಾಕ್."

"ಹಾಗಾದ್ರೆ ಗ್ರಂಥಾಲಯ ನೋಡ್ಕೊಳ್ಳಿ. ಪುಸ್ತಕಕ್ಕೆ ಮುದ್ರೆ ಒತ್ಕೊಂಡು ನೆಮ್ಮದಿಯಾಗಿ ಇರಬಹುದು. ಇಲ್ಲಾ ಅಂದ್ರೆ..." ಅವರು ಮೇಜಿನ ಮೇಲಿನ ಪೆನ್ನನ್ನು ಅತ್ತಿತ್ತ ಉರುಳಿಸಿದರು. "ಹತ್ತನೇ ತರಗತಿ ಸಿ ವಿಭಾಗಕ್ಕೆ ಪ್ರೋಗ್ರಾಮಿಂಗ್ ಕಲಿಸೋರು ಇಲ್ಲ. ಇದ್ದವರು ಬಾತಾಮ್ ದ್ವೀಪದಲ್ಲಿ ಕೆಲಸ ಸಿಕ್ತು ಅಂತ ಹೋದ್ರು. ನೀವು ಒಪ್ಪಲ್ಲ ಅಂತ ಗೊತ್ತು. ಆದ್ರೂ ಕೇಳಿಲ್ಲ ಅನ್ನೋ ಹಾಗೆ ಆಗ್ಬಾರ್ದು ನೋಡಿ."

ಆ ಕೊನೆಯ ಮಾತು ಯುಸ್ನಿದಾರಳಿಗೆ ಚುಚ್ಚಿತು.

"ನಾನು ಒಪ್ಪಲ್ಲ ಅಂತ ನಿಮಗ್ಯಾರು ಹೇಳಿದ್ದು?"

ಜುಲ್ಹೆಂದ್ರಿ ತಲೆಯೆತ್ತಿ ನೋಡಿದರು. ಅಷ್ಟರಲ್ಲಿ ಆಕೆ ಹೂಂ ಎಂದೂ ಆಗಿತ್ತು.

ಸುದ್ದಿ ಶಿಕ್ಷಕರ ಕೋಣೆಗೆ ಆಕೆಗಿಂತ ಮೊದಲೇ ಮುಟ್ಟಿತ್ತು. ಎ ಮತ್ತು ಬಿ ವಿಭಾಗಗಳಿಗೆ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ ದೆಫ್ರಿಜಾಲ್ ಚಹಾದ ಲೋಟ ಹಿಡಿದುಕೊಂಡೇ ನಕ್ಕ. ಆತ ಆಕೆಗಿಂತ ಹದಿನೇಳು ವರ್ಷ ಚಿಕ್ಕವನು. ಕೆಟ್ಟವನಲ್ಲ, ಆದರೆ ತನಗೆ ಗೊತ್ತಿರುವುದು ಊರಿಗೆಲ್ಲ ಗೊತ್ತಾಗಬೇಕೆಂಬ ಚಪಲ ಇದ್ದವನು.

"ಬು ಯುಸ್, ಪ್ರೋಗ್ರಾಮಿಂಗ್ ಅಂದ್ರೆ ಜೋರಾಗಿ ಟೈಪ್ ಮಾಡೋದಲ್ಲ ಕಣ್ರೀ. ಚೆನ್ನಾಗಿ ಬಡಿಸ್ತಾರೆ ಅಂದ ಮಾತ್ರಕ್ಕೆ ಮಾಂಸದ ರೆಂದಾಂಗ್ ಮಾಡೋಕೆ ಬರುತ್ತಾ?"

"ಪಾಕ್ ದೆಫ್ರಿ, ನಿಮ್ಮನೇಲಿ ರೆಂದಾಂಗ್ ಮಾಡೋದು ನಿಮ್ಮತ್ತೆ. ನೀವು ಕೂತು ತಿನ್ನೋರು. ಮಾಡೋ ಮಾತು ನಮಗೆ ಬಿಡಿ."

ಕೋಣೆಯಲ್ಲಿದ್ದ ಹೆಂಗಸರೆಲ್ಲ ಗೊಳ್ಳೆಂದರು. ಆದರೆ ಗಣಕಯಂತ್ರದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಪಠ್ಯಪುಸ್ತಕದ ಮೊದಲ ಪುಟವನ್ನು ಯುಸ್ನಿದಾರ್ ಎರಡೆರಡು ಸಲ ಓದಿದಳು. ಅಕ್ಷರಗಳೇನೋ ಗುರುತಿನವೇ. ಆವರಣ ಚಿಹ್ನೆ, ಸಮ ಚಿಹ್ನೆ, ಅರ್ಧವಿರಾಮ ಎಲ್ಲವನ್ನೂ ಕಣ್ಣುಮುಚ್ಚಿ ಹೊಡೆಯಬಲ್ಲಳು. ಅವೆಲ್ಲ ಸೇರಿ ಹೇಳುವುದೇನೆಂದು ಮಾತ್ರ ಒಂದಿಷ್ಟೂ ತಲೆಗೆ ಹತ್ತಲಿಲ್ಲ.

ಅಲ್ಲೇ ಆಕೆಗೆ ತುಂತುನ್ ಸಿಕ್ಕಿತು. ಪಡಾಂಗಿನ ವಿಶ್ವವಿದ್ಯಾಲಯವೊಂದರಲ್ಲಿ ಪಾಠ ಹೇಳುವ ಇಲ್ಹಾಮ್ ಎಂಬವನು ಹೊಸದಾಗಿ ಕಲಿಯುವವರಿಗೆಂದು ಕಟ್ಟಿದ ತಂತ್ರಾಂಶ ಅದು. ಹೆಸರಿನ ಅರ್ಥವೇ ಕೈಹಿಡಿದು ನಡೆಸುವುದು. ಪ್ರಯೋಗಕ್ಕೆಂದು ಹಲವು ಶಾಲೆಗಳಿಗೆ ಕೊಟ್ಟಿದ್ದ. ಇಲ್ಲಿ ದೆಫ್ರಿಜಾಲ್ ಅದನ್ನು ಒಮ್ಮೆ ತೆರೆದು, "ಮಕ್ಕಳಾಟ" ಎಂದು ಮುಚ್ಚಿಟ್ಟಿದ್ದ.

ತೆರೆಯ ಎಡಗಡೆ ಪ್ರೋಗ್ರಾಮಿನ ಸಾಲುಗಳು, ಬಲಗಡೆ ಚಿತ್ರ. ಪ್ರತಿ ಹೆಸರಿಗೂ ಒಂದು ಡಬ್ಬಿ, ಡಬ್ಬಿಯೊಳಗೆ ಒಂದು ಅಂಕಿ. ಹಳದಿ ಬಾಣವೊಂದು ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಅದು ಇಳಿದಂತೆಲ್ಲ ಡಬ್ಬಿಯೊಳಗಿನದು ಬದಲಾಗುತ್ತದೆ. ಕಲಿಯುವವರು ಎಲ್ಲಿ ಎಡವಿದರು, ಎಷ್ಟು ಸಲ ಎಡವಿದರು ಎಂಬುದನ್ನೆಲ್ಲ ಅದು ನೆನಪಿಟ್ಟುಕೊಂಡು, ಅದಕ್ಕೆ ತಕ್ಕಂತೆ ಮುಂದಿನ ಲೆಕ್ಕ ಕೊಡುತ್ತದೆ.

ಶಾಲೆಗೆ ರಜೆ ಇನ್ನೂ ಮೂರು ವಾರ ಇತ್ತು. ದಿನವೂ ಬೆಳಗ್ಗೆ ಬಂದು ಕೂತಳು. ಒಂದರಿಂದ ಹತ್ತರವರೆಗೆ ಎಣಿಸಬೇಕೆಂಬ ಲೆಕ್ಕಕ್ಕೆ ಬಂದಾಗ ಎಲ್ಲವೂ ಕೆಟ್ಟಿತು. ಬಾಣ ಕೆಳಗಿಳಿಯಿತು, ಮೇಲೆ ಹತ್ತಿತು, ಮತ್ತೆ ಇಳಿಯಿತು, ಮತ್ತೆ ಹತ್ತಿತು. ಗಾಣದ ಎತ್ತಿನಂತೆ ಸುತ್ತುತ್ತಲೇ ಇತ್ತು. ಯಂತ್ರವನ್ನೇ ಹಾಳುಮಾಡಿದೆನೇನೋ ಎಂದು ಆಕೆ ಕೀಲಿಗಳಿಂದ ಕೈ ಎತ್ತಿಬಿಟ್ಟಳು. ಆಗ ತುಂತುನ್ ಕೆಳಗೆ ಒಂದೇ ಸಾಲು ಬರೆಯಿತು: "ಎಣಿಕೆಯ ಡಬ್ಬಿಯನ್ನು ನೋಡಿ. ಒಳಗಿನ ಅಂಕಿ ಬದಲಾಗುತ್ತಿದೆಯೇ?"

ನೋಡಿದಳು. ಇಲ್ಲ. ಬಾಣ ನೂರು ಸುತ್ತು ಬಂದಿದ್ದರೂ ಡಬ್ಬಿಯೊಳಗೆ ಒಂದು ಒಂದಾಗಿಯೇ ಕೂತಿತ್ತು. ಒಂದು ಕೂಡಿಸು ಎಂದು ತಾನು ಹೇಳಿಯೇ ಇರಲಿಲ್ಲ! ಆ ಒಂದು ಸಾಲು ಸೇರಿಸಿದಳು. ಅಂಕಿ ಎರಡಾಯಿತು, ಮೂರಾಯಿತು, ಹತ್ತು ಮುಟ್ಟಿ ಬಾಣ ತೆಪ್ಪಗೆ ಹೊರಗೆ ಬಂತು. ಯಾರೂ ಇಲ್ಲದ ಕೋಣೆಯಲ್ಲಿ ಯುಸ್ನಿದಾರ್ ಚಪ್ಪಾಳೆ ತಟ್ಟಿಕೊಂಡಳು.

ಮೂರನೆಯ ವಾರ ತುಂತುನ್ ಬೇರೊಂದು ಲೆಕ್ಕ ಮುಂದಿಟ್ಟಿತು. ಎಂಬತ್ತು ಅಕ್ಷರ ಹಿಡಿಯುವ ಸಾಲಿನಲ್ಲಿ, ಕೊಟ್ಟ ತಲೆಬರಹವನ್ನು ನಟ್ಟನಡುವೆ ಮುದ್ರಿಸಬೇಕು. ಓದಿದ್ದೇ ಆಕೆ ಬೆನ್ನು ನೆಟ್ಟಗೆ ಮಾಡಿದಳು. ಇದನ್ನು ಆಕೆ ಇಪ್ಪತ್ತಾರು ವರ್ಷ ದಿನಕ್ಕೆ ನಾಲ್ಕು ಸಲ ಹೇಳಿಕೊಟ್ಟಿದ್ದಳು. ಅಕ್ಷರ ಎಣಿಸು, ಎಂಬತ್ತರಲ್ಲಿ ಕಳೆ, ಅರ್ಧ ಮಾಡು, ಅಷ್ಟು ಜಾಗ ಬಿಟ್ಟು ಹೊಡೆ. ಇಪ್ಪತ್ತನಾಲ್ಕು ಅಕ್ಷರದ ತಲೆಬರಹವಾದರೆ ಇಪ್ಪತ್ತೆಂಟು ಜಾಗ. ನಾಲ್ಕೇ ಸಾಲಿನಲ್ಲಿ ಬರೆದು ಮುಗಿಸಿದಳು. ಒಂದೂ ತಪ್ಪಿರಲಿಲ್ಲ.

ಸಂಜೆ ಮನೆಗೆ ಬಂದವಳು, ಮುಂಬಾಗಿಲ ಜಗಲಿಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಗಂಡ ಶಾಫ್ನಿರನ ಎದುರು ನಿಂತಳು. ಆ ಕಡೆಯ ಹೆಂಗಸರಂತೆ ಗಂಡನನ್ನು ಆಕೆ ಉದಾ ಎಂದು ಕರೆಯುತ್ತಿದ್ದಳು.

"ಉದಾ, ನಂಗೆ ಪ್ರೋಗ್ರಾಮಿಂಗ್ ಮೊದಲಿಂದ್ಲೂ ಬರ್ತಿತ್ತು. ಅದನ್ನ ಹಾಗಂತಾರೆ ಅಂತ ಗೊತ್ತಿರ್ಲಿಲ್ಲ, ಅಷ್ಟೆ."

"ಸರಿ," ಎಂದ ಶಾಫ್ನಿರ್ ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆಯದೆ. "ಊಟಕ್ಕೇನಿದೆ ಅಂತಾನೂ ಅದು ಹೇಳುತ್ತಾ?"

ಸಿ ವಿಭಾಗದಲ್ಲಿ ಮೂವತ್ತೊಂದು ಮಕ್ಕಳು. ಬೇರೆಲ್ಲೂ ಸೀಟು ಸಿಗದೆ ಬಂದವರೇ ಹೆಚ್ಚು. ಅವರಲ್ಲಿ ವಿರ್ದಾ ಎಂಬ ಹುಡುಗಿ ಮೊದಲ ದಿನವೇ ಕೈಯೆತ್ತಿ, "ಬು, ಈ ತರಗತಿ ಮುಗಿಸಿದ್ರೆ ಏನಾಗ್ತೀವಿ?" ಎಂದು ಕೇಳಿದಳು. ಹಿಂದಿನ ಬೆಂಚಿನ ಹೆಂಗಿ, "ಹನ್ನೊಂದನೇ ತರಗತಿ ಸಿ ವಿಭಾಗ ಆಗ್ತೀವಿ," ಎಂದ. ಎಲ್ಲರೂ ನಕ್ಕರು, ಯುಸ್ನಿದಾರಳೂ ನಕ್ಕಳು.

ಮೊದಲೆರಡು ತಿಂಗಳು ಕನಸಿನಂತೆ ನಡೆಯಿತು. ಮಕ್ಕಳು ತುಂತುನ್ ಮುಂದೆ ಕೂರುತ್ತಿದ್ದರು. ಯಾರಿಗೆ ಎಷ್ಟು ಬಂತೆಂದು ತೋರಿಸುವ ಪಟ್ಟಿ ದಿನದಿಂದ ದಿನಕ್ಕೆ ಹಸಿರಾಗುತ್ತಿತ್ತು. ಸೆಪ್ಟೆಂಬರ್ ಕೊನೆಗೆ ಮೂವತ್ತೊಂದೂ ಹೆಸರು ಹಸಿರು. ಪ್ರಾಂಶುಪಾಲರು ಬಂದು ನೋಡಿ ಹುಬ್ಬೇರಿಸಿ ಹೋದರು. ಯುಸ್ನಿದಾರ್ ಹಿಗ್ಗಿದಳು.

ಅಕ್ಟೋಬರಿನಲ್ಲಿ ಮೂರೂ ವಿಭಾಗಗಳಿಗೆ ಒಂದೇ ಪರೀಕ್ಷೆ. ಯಂತ್ರವಿಲ್ಲ, ಕಾಗದ, ಪೆನ್ನು ಅಷ್ಟೆ. ಸಿ ವಿಭಾಗದಲ್ಲಿ ಪಾಸಾದವರು ನಾಲ್ವರು.

ಉತ್ತರಪತ್ರಿಕೆಗಳ ಕಟ್ಟು ಹಿಡಿದು ಕೂತಿದ್ದ ಆಕೆಯ ಬಳಿ ದೆಫ್ರಿಜಾಲ್ ಬಂದ. ಈ ಸಲ ನಗಲಿಲ್ಲ. ಅದೇ ಹೆಚ್ಚು ನೋವು ಕೊಟ್ಟಿತು.

"ಬು ಯುಸ್, ಬೇಜಾರು ಮಾಡ್ಕೋಬೇಡಿ. ಚಿತ್ರ ತೋರಿಸಿದ್ರೆ ಮಕ್ಕಳು ಚಿತ್ರ ನೋಡ್ತಾರೆ, ಅಷ್ಟೆ. ನಾನು ಆವತ್ತೇ ಹೇಳಿದ್ದೆ."

ಮಾರನೆಯ ದಿನ ತರಗತಿಯಲ್ಲಿ ಆಕೆ ಮೇಜಿನ ಹಿಂದೆ ಕೂರುವ ಬದಲು ಕುರ್ಚಿ ಎಳೆದುಕೊಂಡು ಹೋಗಿ ವಿರ್ದಾಳ ಪಕ್ಕದಲ್ಲೇ ಕೂತಳು.

"ಒಂದು ಲೆಕ್ಕ ಮಾಡು. ನಾನಿಲ್ಲ ಅಂದ್ಕೊಂಡು ಮಾಡು."

ವಿರ್ದಾ ತುಟಿ ಕಚ್ಚಿದಳು. ಆಮೇಲೆ ಬೆರಳು ತಾನೇ ತಾನಾಗಿ ಸುಳಿವಿನ ಗುಂಡಿಯ ಮೇಲೆ ಹೋಯಿತು. ಒಂದು ಸಲ ಒತ್ತಿದರೆ ತುಂತುನ್ ಪ್ರಶ್ನೆ ಕೇಳುತ್ತದೆ. ಎರಡನೆಯ ಸಲ ಒತ್ತಿದರೆ ಚಿತ್ರದಲ್ಲಿ ತಪ್ಪಿದ ಜಾಗ ತೋರಿಸುತ್ತದೆ. ಮೂರನೆಯ ಸಲಕ್ಕೆ ಉತ್ತರವನ್ನೇ ಬರೆದುಬಿಡುತ್ತದೆ. ವಿರ್ದಾ ಟಕ್ ಟಕ್ ಟಕ್ ಎಂದು ಒತ್ತಿದಳು, ಉತ್ತರ ನಕಲು ಮಾಡಿದಳು, ಹಸಿರು ಬಂತು.

"ಎಲ್ಲರೂ ಹೀಗೇನಾ?"

"ಬು, ಬೈಬೇಡಿ..."

"ಬೈಯಲ್ಲ, ಹೇಳು."

"ಹೆಂಗಿ ಒಂದು ಸೆಕೆಂಡಲ್ಲಿ ಮೂರು ಸಲ ಒತ್ತುತ್ತಾನೆ ಬು. ನಾವೆಲ್ಲ ಅವನ ಹತ್ರಾನೇ ಕಲ್ತಿದ್ದು."

ಯುಸ್ನಿದಾರಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಮಕ್ಕಳು ದಡ್ಡರಲ್ಲ; ದಡ್ಡರಾಗಿದ್ದರೆ ಇಂಥ ಅಡ್ಡದಾರಿ ಹುಡುಕುತ್ತಿರಲಿಲ್ಲ. ಟೈಪಿಂಗ್ ಕಲಿಯುವವರೂ ಹೀಗೆಯೇ ಮಾಡುತ್ತಿದ್ದರು. ನೋಡಬೇಡ ಎಂದರೂ ಕಣ್ಣು ಕೀಲಿಗಳ ಮೇಲೇ ಬೀಳುತ್ತಿತ್ತು. ನೋಡಿ ಹೊಡೆಯುವವರಿಗೆ ಜನ್ಮದಲ್ಲಿ ಬೆರಳು ಪಳಗುತ್ತಿರಲಿಲ್ಲ. ಅದಕ್ಕಾಗಿ ಆಕೆ ಅವರ ಕೈಗಳ ಮೇಲೆ ಬಟ್ಟೆ ಹೊದಿಸುತ್ತಿದ್ದಳು. ಅಲ್ಲಿ ಕೈ ಮುಚ್ಚಿದ್ದಾಯಿತು. ಇಲ್ಲಿ ಮುಚ್ಚಬೇಕಾದ್ದು ಏನು?

ಸಂಜೆ ಗಂಡನ ಅಂಗಡಿಯಲ್ಲಿ ನಿಂತು ಕೇಳಿದಳು, "ಉದಾ, ಕತ್ತರಿಸಿ ಉಳಿದ ದಪ್ಪ ಬಟ್ಟೆ ಇದ್ಯಾ? ಇಷ್ಟಗಲ, ಇಷ್ಟುದ್ದ. ಮೂವತ್ತೊಂದು ಬೇಕು."

"ಮೂವತ್ತೊಂದಾ? ಶಾಲೆಗೆ ಕಿಟಕಿ ಪರದೆ ಹಾಕಿಸ್ತಿದಾರಾ?"

"ಹೂಂ. ಕಂಪ್ಯೂಟರಿಗೆ."

ಶಾಫ್ನಿರ್ ಹೆಂಡತಿಯ ಮುಖ ನೋಡಿದ. ತಮಾಷೆಯಲ್ಲವೆಂದು ಅರಿತು ಟೇಪು ತೆಗೆದ. ಮದುವಣಗಿತ್ತಿಯ ಅಂಗಿಯಿಂದ ಉಳಿದ ಕೆಂಪು, ಪೊಲೀಸರ ಸಮವಸ್ತ್ರದಿಂದ ಉಳಿದ ಕಂದು, ಯಾರದೋ ಷರಾಯಿಯ ನೀಲಿ ಎಲ್ಲ ಸೇರಿ ಮೂವತ್ತೊಂದು ತುಂಡುಗಳಿಗೂ ಅಂಚು ಹೊಲಿದುಕೊಟ್ಟ.

ಮಾರನೆಯ ದಿನ ಪ್ರತಿ ತೆರೆಯ ಬಲಗಡೆಗೂ, ಚಿತ್ರ ಬರುವ ಜಾಗಕ್ಕೆ, ಬಟ್ಟೆ ಒಣಗಿಸುವ ಕ್ಲಿಪ್ಪಿನಿಂದ ಒಂದೊಂದು ಪರದೆ ತೂಗುಬಿದ್ದಿತ್ತು.

"ನಿಯಮ ಕೇಳಿ," ಎಂದಳು ಯುಸ್ನಿದಾರ್. "ಬಾಣವನ್ನ ಒಂದೇ ಒಂದು ಸಾಲು ಇಳಿಸಿ. ಪರದೆ ಎತ್ತೋ ಮುಂಚೆ ಪುಸ್ತಕದಲ್ಲಿ ಡಬ್ಬಿಗಳನ್ನ ಬರೀರಿ. ಒಳಗೀಗ ಏನಿದೆ ಅಂತ ನೀವು ಹೇಳ್ಬೇಕು. ಆಮೇಲೆ ಎತ್ತಿ ನೋಡಿ. ಸರಿ ಇದ್ರೆ ಮುಂದಕ್ಕೆ. ತಪ್ಪಿದ್ರೆ, ಯಾಕೆ ತಪ್ಪಿತು ಅಂತ ಪಕ್ಕದವರಿಗೆ ವಿವರಿಸಿ. ಇಬ್ಬರಿಗೂ ತಿಳೀದೆ ಜಗಳ ಆದ್ರೆ ಮಾತ್ರ ಸುಳಿವು ಒತ್ತಬಹುದು."

"ಬು, ಇದು ಅನ್ಯಾಯ," ಎಂದ ಹೆಂಗಿ. "ಸಿನಿಮಾಕ್ಕೆ ಕರ್ಕೊಂಡ್ಬಂದು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಯ್ತು."

"ಕಣ್ಣಿಗೆ ಕಟ್ಟಿಲ್ಲ ಹೆಂಗಿ, ಬೆರಳಿಗೆ ಕಟ್ಟಿದೀನಿ."

ಮೊದಲ ವಾರ ಗಲಾಟೆಯೋ ಗಲಾಟೆ. ಮೊದಲು ದಿನಕ್ಕೆ ಇಪ್ಪತ್ತು ಲೆಕ್ಕ ಮುಗಿಸುತ್ತಿದ್ದವರು ಈಗ ಎರಡು ಮುಗಿಸಲು ಬೆವರಿದರು. ಪಟ್ಟಿಯ ಹಸಿರೆಲ್ಲ ಹೋಗಿ ಕೆಂಪಾಯಿತು. ಎರಡನೆಯ ವಾರ ಗದ್ದಲದ ಧಾಟಿ ಬದಲಾಯಿತು. "ಅಯ್ಯೋ, ಹಳೇದು ಹೋಗುತ್ತೆ ಕಣೇ, ಹೊಸದು ಬಂದ್ರೆ ಹಳೇದು ಇರಲ್ಲ!" ಎಂದು ಯಾರೋ ಕೂಗುವುದು, "ಹೋಗೋ, ಇನ್ನೂ ಮೂರೇ ಇದೆ ಒಳಗೆ, ಎತ್ತಿ ನೋಡು ಬೇಕಾದ್ರೆ!" ಎಂದು ಇನ್ನಾರೋ ಸವಾಲು ಹಾಕುವುದು. ಮೂರನೆಯ ವಾರ ವಿರ್ದಾ ಒಂದು ಇಡೀ ಲೆಕ್ಕವನ್ನು ಪರದೆ ಎತ್ತದೆಯೇ ಕೊನೆಯವರೆಗೂ ಬರೆದು, ಆಮೇಲೆ ಒಮ್ಮೆಲೇ ಎತ್ತಿದಳು. ಒಂಬತ್ತು ಹೆಜ್ಜೆ, ಒಂಬತ್ತೂ ಸರಿ. ಹುಡುಗಿ ಕುರ್ಚಿಯಿಂದ ಎದ್ದು ನಿಂತಳು. ಮತ್ತೆ ಕೂತು ಮುಂದಿನ ಲೆಕ್ಕ ತೆರೆದಳು.

ಫೆಬ್ರವರಿಯಲ್ಲಿ ಪಡಾಂಗಿನಿಂದ ಇಲ್ಹಾಮ್ ಹೇಳದೆ ಕೇಳದೆ ಬಂದಿಳಿದ. ಕನ್ನಡಕದ ತೆಳ್ಳನೆಯ ಯುವಕ. ಹೆಗಲಲ್ಲಿ ಚೀಲ, ಮುಖದಲ್ಲಿ ಆತಂಕ.

"ಬು, ತುಂತುನ್ ನಂಗೆ ಕಳಿಸೋ ದಾಖಲೆ ನೋಡಿದ್ರೆ, ನಿಮ್ಮ ಶಾಲೆ ತಂತ್ರಾಂಶ ಕೆಟ್ಟಿದೆ ಅನ್ಸುತ್ತೆ. ಎಲ್ಲಾ ಕಡೆ ಮಕ್ಕಳು ಸುಳಿವು ಒತ್ತಿ ಒತ್ತಿ ಸಾಕುಸಾಕು ಮಾಡ್ತಾರೆ. ನಿಮ್ಮಲ್ಲಿ ನವೆಂಬರಿಂದ ಸುಳಿವೇ ಇಲ್ಲ. ಒಂದೊಂದು ಹೆಜ್ಜೆಗೂ ಎರಡೆರಡು ನಿಮಿಷ ಸುಮ್ನೆ ನಿಂತಿರುತ್ತೆ. ಯಂತ್ರ ನಿಧಾನ ಆಗಿದ್ಯಾ?"

"ಯಂತ್ರ ಸರಿಯಾಗೇ ಇದೆ ನಕ್. ನಿಧಾನ ಆಗಿರೋದು ಮಕ್ಕಳು. ಬನ್ನಿ, ನೋಡೋರಂತೆ." ಮಗನನ್ನು ಕರೆಯುವಂತೆ ಆಕೆ ಆತನನ್ನು ನಕ್ ಎಂದಳು.

ಬಾಗಿಲಲ್ಲಿ ನಿಂತ ಇಲ್ಹಾಮ್ ಕೆಂಪು, ಕಂದು, ನೀಲಿ ಪರದೆಗಳನ್ನು ನೋಡಿ ಬಾಯಿ ತೆರೆದವನು ಮುಚ್ಚಲಿಲ್ಲ. ನಾಲ್ಕು ವರ್ಷ ಕೂತು ಆತ ಬಿಡಿಸಿದ ಚಿತ್ರಗಳನ್ನು ಇಲ್ಲಿ ಷರಾಯಿ ಬಟ್ಟೆಯಿಂದ ಮುಚ್ಚಿಟ್ಟಿದ್ದರು. ಆದರೆ ಹತ್ತು ನಿಮಿಷದಲ್ಲಿ ಆತ ಹೆಂಗಿಯ ಪಕ್ಕ ಮೊಣಕಾಲೂರಿ ಕೂತಿದ್ದ. ಅರ್ಧ ಗಂಟೆಯಲ್ಲಿ ತನ್ನದೇ ಪುಸ್ತಕ ತೆಗೆದು ಮಕ್ಕಳ ಜೊತೆ ಡಬ್ಬಿ ಬರೆಯುತ್ತಿದ್ದ. ಒಂದು ಕಡೆ ತಪ್ಪಿದ, ವಿರ್ದಾ ತಿದ್ದಿದಳು.

"ಬು," ಎಂದ ಹೊರಡುವಾಗ, "ಈ ಪರದೆನ ನಾನು ತುಂತುನ್ ಒಳಗೇ ಹಾಕ್ಬಹುದಾ? ಬರೀದೆ ಇದ್ರೆ ಚಿತ್ರಾನೇ ತೋರಿಸ್ಬಾರ್ದು, ಹಾಗೆ."

"ಹಾಕಿ. ಆದ್ರೆ ನಿಮ್ಮದಕ್ಕೆ ಅಂಚು ಹೊಲಿಯೋರ್ಯಾರು?"

ಮೇ ತಿಂಗಳ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಹೊರಗಿನ ಶಾಲೆಯವರು ತಿದ್ದಿದರು. ಫಲಿತಾಂಶದ ಹಾಳೆಯನ್ನು ಸೂಚನಾ ಫಲಕಕ್ಕೆ ಅಂಟಿಸಿದಾಗ ಸಿ ವಿಭಾಗದ ಮುಂದೆ ಇಪ್ಪತ್ತೊಂಬತ್ತು ಎಂದಿತ್ತು. ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು! ಎ ವಿಭಾಗಕ್ಕಿಂತ ಒಂದು ಕೈ ಮೇಲೆ, ಬಿ ವಿಭಾಗವಂತೂ ಬಹಳ ಹಿಂದೆ. ಮಕ್ಕಳು ಅಂಗಳದಲ್ಲಿ ಕುಣಿದರು. ಹೆಂಗಿ ಫಲಕದ ಮುಂದೆ ನಿಂತು ತನ್ನ ಹೆಸರನ್ನು ಬೆರಳಿಟ್ಟು ಮೂರು ಸಲ ಓದಿದ. ಉಳಿದ ಇಬ್ಬರನ್ನು ಆಕೆ ರಜೆಯಲ್ಲಿ ಕೂರಿಸಿಕೊಂಡಳು, ಒಬ್ಬ ದಾಟಿದ. ಇನ್ನೊಬ್ಬ, ನನಗೆ ಅಡುಗೆಯೇ ಇಷ್ಟ ಬು ಎಂದು ಅಡುಗೆ ವಿಭಾಗಕ್ಕೆ ಸೇರಿದ. ಅಲ್ಲಿ ಅವನು ಚೆನ್ನಾಗಿಯೇ ಇದ್ದಾನೆ.

ಆ ದಿನ ದೆಫ್ರಿಜಾಲ್ ಮಧ್ಯಾಹ್ನದವರೆಗೂ ಕಾಣಲಿಲ್ಲ. ಆಮೇಲೆ ಬಿಸಿ ಬಾಳೆಹಣ್ಣಿನ ಬೋಂಡಾಗಳ ಪೊಟ್ಟಣ ತಂದು ಆಕೆಯ ಮೇಜಿನ ಮೇಲಿಟ್ಟ.

"ನಾನು ಚೆನ್ನಾಗಿ ಪಾಠ ಮಾಡ್ತೀನಿ ಅಂದ್ಕೊಂಡಿದ್ದೆ ಬು ಯುಸ್."

"ಚೆನ್ನಾಗೇ ಮಾಡ್ತೀರಿ. ನೀವು ಮಾಡೋವಾಗ ಮಕ್ಕಳು ಸುಮ್ನೆ ಕೂತಿರ್ತಾರೆ, ಅದೇ ತೊಂದ್ರೆ."

ಆತ ತಲೆ ಕೆರೆದುಕೊಂಡ. "ಸ್ವಲ್ಪ ಬಟ್ಟೆ ನಂಗೂ ಸಿಗುತ್ತಾ?" ಎಂದು ಕೇಳಿದ.

ಆಗಸ್ಟಿನಲ್ಲಿ ಪಡಾಂಗಿನಲ್ಲಿ ಶಿಕ್ಷಕರ ಸಮಾವೇಶ. ಇನ್ನೂರು ಜನ ಕೂತ ಸಭಾಂಗಣದಲ್ಲಿ ತುಂತುನ್‌ನ ಹೊಸ ರೂಪ ತೋರಿಸಬೇಕಿತ್ತು. ಇಲ್ಹಾಮ್ ಯುಸ್ನಿದಾರಳನ್ನೂ ವಿರ್ದಾಳನ್ನೂ ಕರೆಸಿದ್ದ. ಪ್ರಾಂಶುಪಾಲರೂ ದೆಫ್ರಿಜಾಲನೂ ತಾವಾಗಿಯೇ ಬಂದಿದ್ದರು. ಇಲ್ಹಾಮ್ ಎರಡು ಮಾತು ಆಡುವಷ್ಟರಲ್ಲಿ ಕರೆಂಟು ಹೋಯಿತು. ದೊಡ್ಡ ತೆರೆ ಆರಿತು, ಫ್ಯಾನು ನಿಂತಿತು. ಐದು ನಿಮಿಷ ಕಾದರು. ಜನ ಕಾಗದದಿಂದ ಗಾಳಿ ಬೀಸಿಕೊಳ್ಳತೊಡಗಿದರು. ಹಿಂದಿನ ಸಾಲಿನವರು ಮೆಲ್ಲಗೆ ಬಾಗಿಲ ಕಡೆ ಸರಿದರು. ಇಲ್ಹಾಮ್ ಸ್ವಿಚ್ಚುಗಳನ್ನು ಒತ್ತಿ ಒತ್ತಿ ನೋಡಿದ.

ಯುಸ್ನಿದಾರ್ ಎದ್ದಳು. "ಕರೆಂಟು ಹೋದ್ರೆ ಪಾಠ ಹೋಗುತ್ತಾ ನಕ್? ಪಾಕ್ ಜುಲ್, ಪಾಕ್ ದೆಫ್ರಿ, ಇಬ್ಬರೂ ವೇದಿಕೆಗೆ ಬನ್ನಿ. ನೀವೀಗ ಡಬ್ಬಿಗಳು."

ಸಭೆ ನಕ್ಕಿತು. ಹೊರಟವರು ನಿಂತರು. ಮೈಕು ಇಲ್ಲದಿದ್ದರೂ, ನಲವತ್ತು ಟೈಪ್‌ರೈಟರುಗಳ ಸದ್ದನ್ನು ಮೀರಿ ಪಾಠ ಹೇಳಿದ ಗಂಟಲು ಕೊನೆಯ ಸಾಲಿಗೂ ಮುಟ್ಟಿತು. ಆಕೆ ಒಂದು ಹಾಳೆಯಲ್ಲಿ ಚಹಾ ಎಂದು ಬರೆದು ಪ್ರಾಂಶುಪಾಲರ ಕೈಗೂ, ಇನ್ನೊಂದರಲ್ಲಿ ಬೋಂಡಾ ಎಂದು ಬರೆದು ದೆಫ್ರಿಜಾಲನ ಕೈಗೂ ಕೊಟ್ಟಳು.

"ಇವರಿಬ್ಬರದ್ದೂ ಅದಲುಬದಲಾಗ್ಬೇಕು. ವಿರ್ದಾ ಹಳದಿ ಬಾಣ. ಅವಳು ಒಂದು ಹೆಜ್ಜೆ ಇಡ್ತಾಳೆ, ಒಂದು ಕೆಲಸ ಹೇಳ್ತಾಳೆ. ಆದ್ರೆ ಆ ಕೆಲಸ ಮಾಡೋ ಮುಂಚೆ, ಯಾರ ಕೈಲಿ ಏನಿರುತ್ತೆ ಅಂತ ನೀವೆಲ್ಲ ಬರ್ಕೊಳ್ಳಿ."

ವಿರ್ದಾ ಒಂದು ಹೆಜ್ಜೆ ಇಟ್ಟಳು. "ಪಾಕ್ ಜುಲ್ ಕೈಲಿರೋದನ್ನ ಪಾಕ್ ದೆಫ್ರಿಗೆ ಕೊಡಿ!"

ಇನ್ನೂರು ಜನ ಬರೆದುಕೊಂಡರು. ಯುಸ್ನಿದಾರ್ ದೆಫ್ರಿಜಾಲನ ಹಾಳೆ ಕಿತ್ತುಕೊಂಡು ಪರಪರ ಹರಿದು, ಹೊಸ ಹಾಳೆಯಲ್ಲಿ ಚಹಾ ಎಂದು ಬರೆದುಕೊಟ್ಟಳು. "ಕಂಪ್ಯೂಟರಲ್ಲಿ ಕೊಡೋದು ಅಂದ್ರೆ ನಕಲು ಮಾಡೋದು. ಹೊಸದು ಬಂದ್ರೆ ಹಳೇದು ಇರಲ್ಲ."

"ಈಗ ಪಾಕ್ ದೆಫ್ರಿ ಕೈಲಿರೋದನ್ನ ಪಾಕ್ ಜುಲ್‌ಗೆ ಕೊಡಿ!"

ಇಬ್ಬರ ಕೈಯಲ್ಲೂ ಚಹಾ. ಪ್ರಾಂಶುಪಾಲರು ಹಾಳೆ ಎತ್ತಿ ತೋರಿಸಿ, "ನನ್ನ ಬೋಂಡಾ ಎಲ್ರೀ?" ಎಂದರು. ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಎಲ್ಲರೂ ತಮ್ಮ ತಮ್ಮ ಕಾಗದ ನೋಡಿಕೊಂಡರು. ಅರ್ಧಕ್ಕರ್ಧ ಜನ ತಪ್ಪು ಬರೆದಿದ್ದರು. ಸಭಾಂಗಣದ ನಡುವಿನಿಂದ ಹೆಂಗಸೊಬ್ಬಳು ಎದ್ದು ಕೂಗಿದಳು: "ಮೂರನೇ ಡಬ್ಬಿ ಬೇಕು! ಬೋಂಡಾನ ಮೊದ್ಲೇ ಅಲ್ಲಿ ಇಟ್ಕೋಬೇಕು!"

"ಇಲ್ಹಾಮ್, ಬನ್ನಿ. ನೀವು ಮೂರನೇ ಡಬ್ಬಿ."

ತಂತ್ರಾಂಶ ಕಟ್ಟಿದವನೇ ವೇದಿಕೆಯಲ್ಲಿ ಡಬ್ಬಿಯಾಗಿ ನಿಂತ. ಈ ಸಲ ಎಲ್ಲವೂ ಸರಿಹೋಯಿತು. ಇನ್ನೂರು ಜನ ಎದ್ದು ಚಪ್ಪಾಳೆ ತಟ್ಟುತ್ತಿರುವಾಗಲೇ ಕರೆಂಟು ಬಂತು, ದೊಡ್ಡ ತೆರೆ ಝಗ್ಗನೆ ಬೆಳಗಿತು. ಯಾರೂ ಅತ್ತ ತಿರುಗಲಿಲ್ಲ. ಎಲ್ಲರ ಕಣ್ಣೂ ವೇದಿಕೆಯ ಮೇಲೆ, ನಗುತ್ತಾ ಅಳುತ್ತಾ ನಿಂತಿದ್ದ ವಿರ್ದಾಳ ಮೇಲೂ ಆಕೆಯ ಹೆಗಲು ಹಿಡಿದಿದ್ದ ಟೀಚರ್ ಮೇಲೂ ಇತ್ತು.

ಊಟದ ಹೊತ್ತಿಗೆ ಯಾವುದೋ ಊರಿನ ಯುವ ಶಿಕ್ಷಕಿಯೊಬ್ಬಳು ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. "ಬು, ನೀವು ಎಷ್ಟು ವರ್ಷದಿಂದ ಪ್ರೋಗ್ರಾಮಿಂಗ್ ಮಾಡ್ತಿದೀರಿ?"

ಯುಸ್ನಿದಾರ್ ಮನಸ್ಸಿನಲ್ಲೇ ಕೂಡಿಸಿದಳು. "ಇಪ್ಪತ್ತೇಳು," ಎಂದಳು.

ಮುಂದಿನ ವರ್ಷದ ಪ್ರವೇಶಕ್ಕೆ ಬಂದ ತಂದೆತಾಯಿಗಳು, ತಮ್ಮ ಮಕ್ಕಳನ್ನು ಸಿ ವಿಭಾಗಕ್ಕೇ ಹಾಕಬೇಕೆಂದು ಜುಲ್ಹೆಂದ್ರಿಯವರ ಕಚೇರಿ ಮುಂದೆ ಸಾಲುಗಟ್ಟಿದರು. ಹೊಸ ತುಂತುನ್ ತೆರೆದರೆ ಮೊದಲ ಪುಟದಲ್ಲಿ, ಕಟ್ಟಿದವರ ಹೆಸರುಗಳ ಸಾಲಿನಲ್ಲಿ, ಇಲ್ಹಾಮನ ಪಕ್ಕದಲ್ಲೇ ಯುಸ್ನಿದಾರ್ ಎಂದಿದೆ. ಪ್ರತಿ ಶನಿವಾರ ಆಕೆ ಬುಕಿಟ್ಟಿಂಗಿಗೆ ಹೋಗಿ ಬೇರೆ ಶಾಲೆಗಳ ಶಿಕ್ಷಕರಿಗೆ ಕಲಿಸುತ್ತಾಳೆ. ದೆಫ್ರಿಜಾಲನೂ ಜೊತೆಗೆ ಹೊರಡುತ್ತಾನೆ. ಹೊಸಬರಿಗೆ ಮೊದಲು ಅದಲುಬದಲು ಹೇಳಿಕೊಡಬೇಕೋ ಸುತ್ತು ಹೇಳಿಕೊಡಬೇಕೋ ಎಂದು ಇಬ್ಬರೂ ವ್ಯಾನಿನಲ್ಲಿ ದಾರಿಯುದ್ದಕ್ಕೂ ಜಗಳವಾಡುತ್ತಾರೆ.

"ಬು ಯುಸ್, ಒಂದ್ಸಲನಾದ್ರೂ ನನ್ನ ಮಾತು ಕೇಳಿ," ಎನ್ನುತ್ತಾನೆ ಆತ.

"ಕೇಳ್ತೀನಿ ಪಾಕ್ ದೆಫ್ರಿ. ಮೊದ್ಲು, ನಾನೇನು ಉತ್ತರ ಹೇಳ್ತೀನಿ ಅಂತ ಬರೆದು ತೋರಿಸಿ."